ಯುದ್ಧವನ್ನು ಆಟವಾಗಿ ಆಡಬಹುದೇ?



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಗೋದಲಿಯ ಪೆಟ್ಟಿಗೆ ಕೆಳಗಿಳಿಯುತ್ತದೆ. ಮಾತೆ ಮರಿಯಮ್ಮ, ಸಂತ ಜೋಸೆಫರು, ಕುರುಬರು, ಮೂವರು ಜ್ಞಾನಿಗಳು ಹಳೆಯ ಪತ್ರಿಕೆಯ ಸುತ್ತಿನಿಂದ ಒಬ್ಬೊಬ್ಬರಾಗಿ ಹೊರಬರುತ್ತಾರೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ತೆರೆಯಿತು. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ, ಗೋದಲಿ ಕಟ್ಟಲು ನೆರವಾಗಲೆಂದು ಹಾನಗಲ್ ತಾಲೂಕಿನ ನಮ್ಮ ಊರಿಗೆ ಬಂದವನು, ಬೂಟಿನ ಡಬ್ಬಿಯೊಂದನ್ನು ತಂದಿದ್ದ. ಒಳಗೆ ಸ್ಪಂಜಿನ ನಡುವೆ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ನಲವತ್ತು ಸೈನಿಕರು. ಎಲ್ಲರಿಗೂ ಅವನೇ ಬಣ್ಣ ಬಳಿದಿದ್ದ.

ನನ್ನ ಹೆಂಡತಿ ಕೇಳಿಯೇ ಬಿಟ್ಟಳು: "ಏನಪ್ಪಾ, ಬಾಲಯೇಸುವಿನ ಮುಂದೆ ಬಂದೂಕು ಹಿಡಿದವರನ್ನ ನಿಲ್ಲಸ್ತೀಯೇನು?"

ಹುಡುಗ ನಕ್ಕ. ಆದರೆ ಪ್ರಶ್ನೆ ನನ್ನಲ್ಲಿ ಉಳಿಯಿತು. ಯುದ್ಧವನ್ನು, ಅದರಲ್ಲೂ ಅಣ್ಣತಮ್ಮಂದಿರ ಯುದ್ಧವನ್ನು, ಕ್ರೈಸ್ತನೊಬ್ಬ ಆಟವಾಗಿ ಆಡಬಹುದೇ? ನಿಮ್ಮ ಮಕ್ಕಳೂ ಮೊಬೈಲಿನಲ್ಲಿಯೋ ಮೇಜಿನ ಮೇಲೋ ಇಂಥದೇ ಆಟಗಳನ್ನು ಆಡುತ್ತಿರಬಹುದು. ಆದ್ದರಿಂದ ಈ ಪ್ರಶ್ನೆಯನ್ನು ನಿಮ್ಮ ಜೊತೆ ಕೂತು ಯೋಚಿಸೋಣವೆಂದುಕೊಂಡಿದ್ದೇನೆ.

ಮೊದಲು ಆಟ ಏನೆಂಬುದನ್ನು ಹೇಳುತ್ತೇನೆ. 1936ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಅರಸ ಎಂಟನೆಯ ಎಡ್ವರ್ಡ್, ವಿಚ್ಛೇದಿತೆ ಶ್ರೀಮತಿ ಸಿಂಪ್ಸನ್ ಅವರನ್ನು ಮದುವೆಯಾಗುವ ಸಲುವಾಗಿ ಸಿಂಹಾಸನ ಬಿಟ್ಟುಕೊಟ್ಟ. ಇದು ಚರಿತ್ರೆ. ಬಿಟ್ಟುಕೊಡದೇ ಇದ್ದಿದ್ದರೆ? ಪ್ರಧಾನಿ ಬಾಲ್ಡ್‌ವಿನ್ ರಾಜೀನಾಮೆ ಕೊಟ್ಟು ಹೋಗಿ, 1932ರಲ್ಲಿ ಫ್ಯಾಸಿಸ್ಟರ ಪಕ್ಷ ಕಟ್ಟಿದ ಆಸ್ವಾಲ್ಡ್ ಮೋಸ್ಲಿ ಆ ಕುರ್ಚಿಯಲ್ಲಿ ಕೂತಿದ್ದರೆ? 1938ರ ಹೊತ್ತಿಗೆ ಇಂಗ್ಲೆಂಡು ಊರೂರಿಗೆ ಒಡೆದು ಒಳಯುದ್ಧಕ್ಕೆ ಇಳಿದಿದ್ದರೆ? ಬ್ರಿಟನ್ನಿನ ಹವ್ಯಾಸಿಗಳು ಕಟ್ಟಿಕೊಂಡ ಈ ಕಲ್ಪನೆಯ ಚರಿತ್ರೆಯಲ್ಲಿ ಅರಸನ ಕಡೆಯವರು, ಸಮತಾವಾದಿಗಳು, ಆಂಗ್ಲಿಕನ್ ಸಭೆಯ ಹೆಸರಿನಲ್ಲಿ ಆಯುಧ ಹಿಡಿದವರು, ಬರೀ ತಮ್ಮ ಹಳ್ಳಿಯನ್ನು ಕಾಯುವವರು ಹೀಗೆ ಹತ್ತಾರು ಬಣಗಳಿವೆ.

ನಡೆಯದ ಯುದ್ಧಕ್ಕೆ ಸರಕಾರಿ ಸಮವಸ್ತ್ರ ಎಲ್ಲಿಂದ ಬರಬೇಕು? ಹಾಗಾಗಿ ಪಡೆ ಕಟ್ಟುವವನಿಗೆ ಪೂರ್ತಿ ಸ್ವಾತಂತ್ರ್ಯ. ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳು, ಸ್ಪೇನಿನ ಯುದ್ಧದ ಗೊಂಬೆಗಳು, ಟೋಪಿ ಹಾಕಿದ ರೈತರು ಇವರನ್ನೆಲ್ಲ ತಂದು, ಒಬ್ಬನ ತಲೆ ಇನ್ನೊಬ್ಬನಿಗೆ ಅಂಟಿಸಿ, 28 ಮಿಲಿಮೀಟರ್ ಅಳತೆಯ ಒಂದು ಊರಿನ ದಂಡನ್ನು ಸಿದ್ಧಮಾಡುತ್ತಾರೆ. ಬೇಟೆಯ ಬಂದೂಕು ಹಿಡಿದ ಜಮೀನ್ದಾರ, ರೈಲು ನಿಲ್ದಾಣದ ಹಮಾಲರು, ತಗಡು ಬಡಿದು ಯುದ್ಧದ ಬಂಡಿಯಾಗಿಸಿದ ಲಾರಿ, ಊರ ದೇವಾಲಯದ ಧ್ವಜ. ಆಮೇಲೆ ಅಳತೆಪಟ್ಟಿ ಹಿಡಿದು ನಡೆಸುವುದು, ದಾಳ ಉರುಳಿಸುವುದು, ಬಿದ್ದವರನ್ನು ಎತ್ತಿಡುವುದು.

ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. ನಮ್ಮ ಚದುರಂಗವೇ ಆನೆ, ಕುದುರೆ, ರಥ, ಕಾಲಾಳುಗಳ ನಾಲ್ಕು ಅಂಗದ ಸೈನ್ಯ. 1824ರಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ನಕಾಶೆಯ ಮೇಲಿನ ಯುದ್ಧದಾಟವನ್ನು ಒಪ್ಪಿಕೊಂಡಿತು. 1913ರಲ್ಲಿ ಸಾಹಿತಿ ಎಚ್. ಜಿ. ವೆಲ್ಸ್ ಸೀಸದ ಸಿಪಾಯಿಗಳಿಂದ ಆಡುವ ನಿಯಮಗಳನ್ನು ಪುಸ್ತಕವಾಗಿ ಬರೆದರು. ಆಟದಲ್ಲಿ ಎಡವಿದವನಿಗೆ ನಿಜ ಯುದ್ಧ ಎಂಥ ಮೂರ್ಖತನವೆಂದು ತಾನಾಗಿ ತಿಳಿಯುತ್ತದೆ ಎಂಬುದು ಅವರ ವಾದ. ಮರುವರ್ಷವೇ ಮಹಾಯುದ್ಧ ಬಂತು. ಅದೇ ವೆಲ್ಸ್ ಆ ಯುದ್ಧದ ಪರವಾಗಿ ಲೇಖನಗಳನ್ನು ಬರೆದರು. ಆಟ ಮನುಷ್ಯನನ್ನು ತಾನಾಗಿಯೇ ತಿದ್ದುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಆಟವೇ ಪಾಪವೇ? ನಮ್ಮ ಧರ್ಮಸಭೆಯ ಮಹಾಪಂಡಿತ ಸಂತ ತೋಮಸ್ ಅಕ್ವಿನಾಸರು ಹಾಗೆ ಹೇಳುವುದಿಲ್ಲ. ದೇಹಕ್ಕೆ ನಿದ್ರೆ ಹೇಗೋ ಆತ್ಮಕ್ಕೆ ವಿನೋದ ಹಾಗೆ ಬೇಕು, ಅದರಲ್ಲೊಂದು ಸದ್ಗುಣವೇ ಇದೆ ಎಂದು ಅವರು ವಾದಿಸುತ್ತಾರೆ. ಇದಕ್ಕೆ ಸಂತ ಯೊವಾನ್ನರ ಹೆಸರಿನಲ್ಲಿ ಹೇಳುವ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಸದಾ ಬಗ್ಗಿಸಿಯೇ ಇಟ್ಟ ಬಿಲ್ಲು ಮುರಿಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ವಿನೋದಕ್ಕೂ ಮಿತಿಯುಂಟು, ಪರರಿಗೆ ಕೇಡು ಬಯಸುವ ವಿನೋದ ಸಲ್ಲದು ಎಂಬುದನ್ನೂ ಅವರು ಮರೆಯುವುದಿಲ್ಲ.

ಈ ಮಾತನ್ನು ಹಿಡಿದುಕೊಂಡು ನಮ್ಮ ಸುತ್ತಲೂ ನೋಡೋಣ. ದೀಪಾವಳಿ ಕಳೆದ ಮೇಲೆ ಹಿರೇಕೆರೂರು, ಹಾನಗಲ್ ಕಡೆ ಕೊಬ್ಬರಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ನಿಜವಾದ ರಕ್ತ ಹರಿದ ದಿನಗಳುಂಟು, ನಿಜವಾದ ಜೀವಗಳು ಹೋದದ್ದುಂಟು. ಅದನ್ನು ನಾವು ಹಬ್ಬವೆನ್ನುತ್ತೇವೆ. ನನ್ನ ಮೇಜಿನ ಮೇಲೆ ಆ ಸಂಜೆ ಒಂದು ಇರುವೆಗೂ ನೋವಾಗಲಿಲ್ಲ. ಹಾಗಿದ್ದರೂ ಮನೆಯವರಿಗೆಲ್ಲ ಮುಜುಗರ! ಕಣ್ಣಿಗೆ ಬಂದೂಕು ಕಂಡೊಡನೆ ಹೆದರುವುದು ಸುಲಭ. ಆಟ ಆಡುವವನ ಮನಸ್ಸಿನಲ್ಲಿ ಏನು ಬೆಳೆಯುತ್ತಿದೆ ಎಂದು ನೋಡುವುದು ಕಷ್ಟ.

ಆದರೂ ನನ್ನ ಹೆಂಡತಿಯ ಮುಜುಗರದಲ್ಲಿ ಒಂದು ಸತ್ಯವಿತ್ತು. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ದೊಡ್ಡದೊಂದು ವೀರಗಲ್ಲಿದೆ. ಹೊಯ್ಸಳ ಇಮ್ಮಡಿ ಬಲ್ಲಾಳ 1196ರಲ್ಲಿ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಶತ್ರುಗಳನ್ನು ಹಿಮ್ಮೆಟ್ಟಿಸಿ ತಾನು ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಅಂಗೈಯಗಲದ ಆನೆ, ಕುದುರೆ, ಕಾಲಾಳುಗಳನ್ನು ಕಲ್ಲುಕುಟಿಗ ಎಷ್ಟು ಚೆಂದ ಕೆತ್ತಿದ್ದಾನೆ! ಅದೂ ಒಂದು ಪುಟ್ಟ ಸೈನ್ಯವೇ ಅಲ್ಲವೇ? ಆದರೆ ವ್ಯತ್ಯಾಸ ಗಮನಿಸಿರಿ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ಅದರ ಮೇಲೆ ಸತ್ತವನನ್ನು ಕರೆದೊಯ್ಯುವ ದೇವಕನ್ಯೆಯರು, ತುದಿಯಲ್ಲಿ ದೇವಸನ್ನಿಧಿ. ನಮ್ಮ ನಾಡಿನಲ್ಲಿ ಮಾಸ್ತಿಗಲ್ಲುಗಳೂ ಉಂಟು. ಗಂಡನ ಹಿಂದೆ ಹೋದ ಹೆಣ್ಣಿನ ಬಳೆ ತೊಟ್ಟ ಕೈ ಅವುಗಳ ಮೇಲಿದೆ. ಕಲ್ಲು ಸತ್ತವನನ್ನು ನೆನೆಯುತ್ತದೆ, ಹಿಂದೆ ಉಳಿದವರ ಗತಿಯನ್ನೂ ಹೇಳುತ್ತದೆ. ಮೇಜಿನ ಮೇಲೆ ವಿಧವೆಯಿಲ್ಲ, ತಬ್ಬಲಿ ಮಗುವಿಲ್ಲ, ಸುಟ್ಟ ಬಣವೆಯಿಲ್ಲ. ಬಿದ್ದವರನ್ನು ಡಬ್ಬಿಗೆ ಹಾಕಿದೆವು, ಮುಂದಿನ ಆಟಕ್ಕೆ ಎಲ್ಲರೂ ಎದ್ದು ಬರುತ್ತಾರೆ.

ನಿಜವಾದ ಒಳಯುದ್ಧ ಹೀಗಿರುವುದಿಲ್ಲ. ಈ ಕಲ್ಪನೆಯ ಯುದ್ಧ ನಡೆಯಿತೆನ್ನುವ ಕಾಲದಲ್ಲಿಯೇ, 1936ರಿಂದ 1939ರವರೆಗೆ, ಸ್ಪೇನಿನಲ್ಲಿ ನಿಜಯುದ್ಧ ನಡೆದು ಲಕ್ಷಾಂತರ ಜನ ಸತ್ತರು. ಗುರುಗಳು, ಧಾರ್ಮಿಕ ಸಹೋದರರು, ಕನ್ಯಾಸ್ತ್ರೀಯರು ಸೇರಿ ಸುಮಾರು 6,800 ಮಂದಿಯನ್ನು ಗಣರಾಜ್ಯದ ಕಡೆಯ ಪ್ರದೇಶಗಳಲ್ಲಿ ಕೊಂದರು. ನಮ್ಮ ಧರ್ಮಸಭೆಗೆ ಅದು ರಕ್ತಸಾಕ್ಷಿಗಳ ಕಾಲ. ಆದರೆ ಪೂರ್ತಿ ಸತ್ಯವನ್ನು ಹೇಳಬೇಕಲ್ಲ? ಜನರಲ್ ಫ್ರಾಂಕೋನ ಪಡೆಯೂ ಬಾಸ್ಕ್ ನಾಡಿನ ಕಥೋಲಿಕ ಗುರುಗಳಿಗೆ ಗುಂಡಿಕ್ಕಿತು. 1937ರ ಜುಲೈಯಲ್ಲಿ ಸ್ಪೇನಿನ ಬಹುತೇಕ ಧರ್ಮಾಧ್ಯಕ್ಷರು ಸಾಮೂಹಿಕ ಪತ್ರ ಬರೆದು ಫ್ರಾಂಕೋನ ಪಕ್ಷದ ಪರವಾಗಿ ನಿಂತರು. ಮೂವತ್ತನಾಲ್ಕು ವರ್ಷಗಳ ನಂತರ, 1971ರಲ್ಲಿ, ಅದೇ ನಾಡಿನ ಧರ್ಮಾಧ್ಯಕ್ಷರು ಮತ್ತು ಗುರುಗಳ ಜಂಟಿ ಸಭೆಯಲ್ಲಿ ಒಂದು ಠರಾವು ಬಂತು. ಅಣ್ಣತಮ್ಮಂದಿರ ಯುದ್ಧದಿಂದ ಒಡೆದ ಜನರ ನಡುವೆ ನಾವು ಸಂಧಾನದ ಸೇವಕರಾಗಲಿಲ್ಲ, ಅದಕ್ಕೆ ಕ್ಷಮೆ ಕೋರುತ್ತೇವೆ ಎಂಬುದು ಅದರ ಸಾರಾಂಶ. ಬಹುಮತ ಸಿಕ್ಕಿತು, ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಕ್ಷಮೆ ಕೇಳುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ದೂರದ ಸ್ಪೇನು ಯಾಕೆ, ನಮ್ಮ ಸವಣೂರನ್ನೇ ನೋಡಿರಿ. 1779ರಲ್ಲಿ ಹೈದರ್ ಅಲಿಯ ಮಗಳನ್ನು ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನ ಮಗನಿಗೆ ಕೊಟ್ಟು, ನವಾಬನ ಮಗಳನ್ನು ಹೈದರನ ಮಗ ಕರೀಮನಿಗೆ ತಂದರು. ಏಳೇ ವರ್ಷ. 1786ರಲ್ಲಿ ನವಾಬ ಮರಾಠರ ಕಡೆ ಸೇರಿ ಊರು ಬಿಟ್ಟ, ಟಿಪ್ಪುವಿನ ಸೈನ್ಯ ಸವಣೂರನ್ನು ಹೊಕ್ಕಿತು. ಬೀಗರು ಬೀಗರ ಮೇಲೆ ಬಿದ್ದರು. ಆ ಎರಡು ಮನೆಗಳಿಗೆ ಸೊಸೆಯಾಗಿ ಹೋಗಿದ್ದ ಹೆಣ್ಣುಮಕ್ಕಳು ಆ ದಿನ ಯಾವ ಕಡೆ ನಿಂತರು? ಯಾವ ಯುದ್ಧದಾಟದಲ್ಲಿ ಅವರಿಗೊಂದು ಗೊಂಬೆಯುಂಟು?

ಈಗ ಆ ಸಂಜೆಗೆ ಮರಳುತ್ತೇನೆ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಹುಡುಗ ನನ್ನ ತಮ್ಮನ ಮಗನೆಂದೆ. ತಮ್ಮನಿಗೂ ನನಗೂ ಅಂದಿಗೆ ಏಳು ವರ್ಷದಿಂದ ಮಾತಿರಲಿಲ್ಲ. ಬದುವಿನ ಪಕ್ಕದ ಒಂದು ಬೋರ್‌ವೆಲ್ ಕಾರಣ. ಭಾನುವಾರದ ಬಲಿಪೂಜೆಯಲ್ಲಿ ನಾನು ಬಲಗಡೆ, ಅವನು ಎಡಗಡೆ. ಶಾಂತಿಯನ್ನು ಹಂಚಿಕೊಳ್ಳಿರಿ ಎಂದು ಗುರುಗಳು ಹೇಳಿದಾಗ ಇಬ್ಬರೂ ನಮ್ಮ ನಮ್ಮ ಸಾಲಿನವರಿಗೇ ಕೈಮುಗಿಯುತ್ತಿದ್ದೆವು. ಮಕ್ಕಳು ಮಾತ್ರ ಎರಡೂ ಮನೆಗೆ ಓಡಾಡುತ್ತಿದ್ದರು.

ಆಟಕ್ಕೆ ಎದುರಾಳಿ ಬೇಕೆಂದು ಹುಡುಗ ನನ್ನನ್ನೇ ಕೂಡ್ರಿಸಿದ. ಅರಸನ ಕಡೆಯವರು ನನಗೆ, ಹಳ್ಳಿಯ ಕಡೆಯವರು ಅವನಿಗೆ. ಸೈನಿಕರ ಜೊತೆ ಎರಡು ಹಾಳೆಗಳಿದ್ದವು. ಒಂದೊಂದು ಪಡೆಯ ಮೇಲೂ ಒಂದು ಕಥೆ ಬರೆದಿದ್ದ. ಇವರ ಊರು ಯಾವುದು, ಇವರಿಗೆ ಆದ ಅನ್ಯಾಯವೇನು, ಇವರು ಬಂದೂಕು ಯಾಕೆ ಎತ್ತಿದರು ಎಂದು.

"ಎರಡೂ ಕಡಿಗೂ ಯಾಕ ಬರೀಬೇಕೋ? ನಿನ್ನ ಪಡೆಗೆ ಬರದ್ರ ಸಾಕಲ್ಲ?" ಎಂದೆ.

"ಇಲ್ರಿ ದೊಡ್ಡಪ್ಪ. ಒಂದ ಕಡೆ ಕತಿ ಬರದ್ರ ಆಟ ಆಗೂದಿಲ್ರಿ. ಆ ಕಡಿಯವರಿಗೂ ತಮ್ಮದ ಖರೆ ಅನಿಸಿರಬೇಕ್ರಿ. ಇಲ್ಲಾಂದ್ರ ಅವರು ಯಾಕ ಬಡದಾಡತಾರ?"

ಅವನು ಆಟದ ಬಗ್ಗೆ ಹೇಳಿದ. ನನಗೆ ಬೋರ್‌ವೆಲ್ ಕೇಳಿಸಿತು. ಏಳು ವರ್ಷದಲ್ಲಿ ನನ್ನ ಕಡೆಯ ಕಥೆಯನ್ನು ನೆಂಟರಿಗೆ, ಗುರುಗಳಿಗೆ, ಬಸ್ಸಿನಲ್ಲಿ ಸಿಕ್ಕವರಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ತಮ್ಮನ ಕಡೆಯ ಕಥೆಯನ್ನು ಒಂದು ಸಲವೂ ನನ್ನ ಬಾಯಿಂದ ನಾನು ಹೇಳಿಕೊಂಡಿರಲಿಲ್ಲ.

ಮರುದಿನ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಅವನಾಗಿ ಬರೆಯಬೇಕು, ನನ್ನ ಸಮರ್ಥನೆ ಒಂದು ಸಾಲೂ ಬರಬಾರದು. ಮೂರು ಸಂಜೆ ಹಿಡಿಯಿತು. ಬೇಸಿಗೆಯಲ್ಲಿ ನನ್ನ ಪಂಪು ಓಡಿದ ದಿನ ಅವನ ಬಾವಿಯ ನೀರು ಇಳಿಯುತ್ತಿದ್ದುದು, ಆ ವರ್ಷ ಅವನ ಗೋವಿನಜೋಳ ಒಣಗಿದ್ದು, ಅದೇ ವರ್ಷ ಅವನು ಮಗಳ ಮದುವೆಗೆ ಸಾಲ ಮಾಡಿದ್ದು ಎಲ್ಲವೂ ನನಗೆ ಮೊದಲಿನಿಂದ ಗೊತ್ತಿದ್ದ ಸಂಗತಿಗಳೇ. ಒಂದರ ಕೆಳಗೊಂದು ಬರೆದಾಗ ಅವನು ತಪ್ಪುಗಾರನಾಗಿ ಕಾಣಲಿಲ್ಲ. ಪೂರ್ತಿ ಸರಿ ಎಂದೂ ಅನಿಸಲಿಲ್ಲ. ಆದರೆ ಅವನಿಗೂ ತನ್ನದೇ ಖರೆ ಅನಿಸಿತ್ತೆಂದು ತಿಳಿಯಿತು.

"ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ" ಎಂದು ನಾವು 'ಹಾಗಾಗಿದ್ದರೆ, ಹೀಗಾಗಿದ್ದರೆ' ಎನ್ನುವವರನ್ನು ನಗುತ್ತೇವೆ. ಆದರೆ ಪಾಪನಿವೇದನೆಗೆ ಮುಂಚೆ ನಾವು ಮಾಡುವ ಆತ್ಮಶೋಧನೆ ಎಂದರೇನು? ಆ ದಿನ ನಾಲಿಗೆ ಹಿಡಿದಿದ್ದರೆ? ಮೊದಲು ನಾನೇ ಹೋಗಿದ್ದರೆ? ನಡೆಯದೇ ಹೋದ ಒಳ್ಳೆಯದನ್ನು ಕಲ್ಪಿಸಿಕೊಳ್ಳಬಲ್ಲವನಿಗೆ ಮಾತ್ರ ನಡೆದ ಕೆಟ್ಟದ್ದರ ಬಗ್ಗೆ ಪಶ್ಚಾತ್ತಾಪ ಸಾಧ್ಯ. ಶಿಗ್ಗಾಂವಿ ತಾಲೂಕಿನ ಬಾಡದ ದಂಡನಾಯಕನೊಬ್ಬ ಯುದ್ಧದಲ್ಲಿ ಸಾವಿನ ಬಾಯಿಗೆ ಹೋಗಿ ಬಂದ ಮೇಲೆ ಕತ್ತಿ ಕೆಳಗಿಟ್ಟು ಕನಕದಾಸರಾದರೆಂದು ನಮ್ಮ ಸೀಮೆಯ ಪ್ರತೀತಿ. ಪಾಂಪ್ಲೋನಾದ ಕೋಟೆಯಲ್ಲಿ 1521ರಲ್ಲಿ ಕಾಲು ಮುರಿದುಕೊಂಡು ಮಲಗಿದ ಇಗ್ನಾಸಿಯವರೂ ಹಾಸಿಗೆಯಲ್ಲಿ ಬೇರೊಂದು ಬದುಕನ್ನು ಕಲ್ಪಿಸಿಕೊಂಡೇ ಸಂತರಾದರು.

ಆದ್ದರಿಂದ, ಪ್ರಿಯ ತಂದೆತಾಯಿಯರೇ, ನಿಮ್ಮ ಮಕ್ಕಳ ಕೈಯಲ್ಲಿ ಯುದ್ಧದ ಆಟ ಕಂಡರೆ ಕಿತ್ತುಕೊಳ್ಳುವ ಮೊದಲು ಮೂರು ಮಾತು ಕೇಳಿರಿ. ಒಂದು, ಎದುರಿನ ಪಡೆಯ ಕಥೆ ನಿನಗೆ ಗೊತ್ತೇ, ಅವರ ಕಡೆಯಿಂದಲೂ ಮನಸ್ಸಿಟ್ಟು ಆಡಬಲ್ಲೆಯಾ? ಎರಡು, ಈ ಮೇಜಿನ ಮೇಲೆ ಇಲ್ಲದವರು ಯಾರು, ಈ ಯುದ್ಧ ನಿಜವಾಗಿದ್ದರೆ ಯಾರು ಅಳುತ್ತಿದ್ದರು? ಮೂರು, ಆಟ ಮುಗಿದ ಮೇಲೆ ಎದುರಾಳಿಯ ಜೊತೆ ಕೂತು ಉಣ್ಣುತ್ತೀಯಾ? ಮೂರಕ್ಕೂ ಹೌದೆನ್ನುವ ಉತ್ತರ ಬಂದರೆ ಆ ಆಟದಿಂದ ಕೇಡಿಲ್ಲ. ಎದುರಿನವನು ಮನುಷ್ಯನೇ ಅಲ್ಲ ಎಂದು ಕಲಿಸುವ ಆಟ ಮಾತ್ರ ಬೇಡ, ಅದರಲ್ಲಿ ಬಂದೂಕು ಇಲ್ಲದಿದ್ದರೂ ಬೇಡ. ಆ ಪಾಠ ಆಟದಿಂದಷ್ಟೇ ಬರುವುದಿಲ್ಲ, ಊಟದ ಹೊತ್ತಿನಲ್ಲಿ ದೊಡ್ಡವರಾದ ನಾವು ಆಡುವ ಮಾತಿನಿಂದಲೂ ಬರುತ್ತದೆ.

ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯನ್ನು ಮಾಡಿ ತೋರಿಸಿದ್ದು, ಕಣ್ಣಾರೆ ಕಂಡದ್ದು ಮನಸ್ಸಿಗೆ ಇಳಿಯಲೆಂದು. ನಮ್ಮ ಗೋದಲಿಗಳಲ್ಲಿ ಹೆರೋದನ ಸಿಪಾಯಿಗಳನ್ನು ನಾವು ಇಡುವುದಿಲ್ಲ. ಆದರೆ ಅವರು ಬೆತ್ಲೆಹೇಮಿಗೆ ಬಂದರು ಎಂದು ಶುಭಸಂದೇಶ ಹೇಳುತ್ತದೆ. ಹುಡುಗ ಊರಿಗೆ ಹೊರಡುವಾಗ ತನ್ನ ನಲವತ್ತು ಜನರನ್ನು ಡಬ್ಬಿಗೆ ತುಂಬಿಕೊಂಡು ಹೋದ. ನನ್ನ ಹೆಂಡತಿಗೆ ಸಮಾಧಾನವಾಯಿತು.

ತಮ್ಮನ ಕಥೆ ಬರೆದ ಹಾಳೆ ಇನ್ನೂ ನನ್ನ ಪ್ರಾರ್ಥನಾ ಪುಸ್ತಕದಲ್ಲಿಯೇ ಇದೆ. ಅವನಿಗೆ ತೋರಿಸುವ ಧೈರ್ಯ ಬಂದಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಒಂದು ಸಂಜೆ ಅವನ ಮನೆಯ ಕಟ್ಟೆಯವರೆಗೆ ಹೋದೆ. "ಬಾ ಅಣ್ಣ, ಕೂಡು" ಎಂದ. ಚಹಾ ಕುಡಿದೆವು. ಬೋರ್‌ವೆಲ್ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದನ್ನು ಎತ್ತುವ ದಿನ ಬರಲಿದೆ, ಅಂದು ನನ್ನ ಕಥೆಗಿಂತ ಮೊದಲು ಅವನ ಕಥೆಯನ್ನು ಹೇಳುವ ಶಕ್ತಿ ದೇವರು ಕೊಡಲಿ ಎಂದು ಬೇಡುತ್ತಿದ್ದೇನೆ.

ನಿಮ್ಮ ಮನೆಯಲ್ಲಿಯೂ ಒಂದು ಬದು, ಒಂದು ಗೋಡೆ, ಒಂದು ಹಳೆಯ ಮಾತು ಇದ್ದೀತು. ಈ ವಾರ ಒಂದು ಹಾಳೆ ತೆಗೆದುಕೊಂಡು ಆ ಕಡೆಯವರ ಕಥೆಯನ್ನು ಬರೆದು ನೋಡುವಿರಾ?