ದಯೆಯ ಗಣಿತ

(ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯನ್ನು ಅರಂತೋಡಿನಲ್ಲಿ ಬಿಟ್ಟು ತೊಡಿಕಾನದ ಕಡೆಗೆ ತಿರುಗುವ ದಾರಿಯಲ್ಲೊಂದು ಅಡಕೆ ತೋಟದ ಮನೆ. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯೊಂದು ಬರಿದಾಗಿಯೇ ಚಾವಡಿಯಲ್ಲಿ ಕುಳಿತಿದೆ. ಮನೆಯ ಕೃಷಿಕ, ಆತನಿಗೆ ಹಿಂದೊಮ್ಮೆ ಪಾಠ ಹೇಳಿದ ಮಾಷ್ಟ್ರು, ಮತ್ತು ಬಾಗಿಲ ಬಳಿ ಅಡಕೆ ಸುಲಿಯುತ್ತಿರುವ ಅಮ್ಮ, ಈ ಮೂವರ ನಡುವೆ ನಡೆದ ಸಂವಾದವಿದು.)

ಮಾಷ್ಟ್ರು: ನಿನ್ನ ತೋಟದ ಕೆಳಗೆ ತೋಡು ಹರಿಯುತ್ತದೆ, ಆ ತೋಡು ಪಯಸ್ವಿನಿಯನ್ನು ಸೇರಿ, ಪಯಸ್ವಿನಿಯು ಕಾಸರಗೋಡಿನ ಸೀಮೆಯಲ್ಲಿ ಚಂದ್ರಗಿರಿಯೆಂಬ ಹೆಸರನ್ನು ತಳೆದು ಕಡಲನ್ನು ಮುಟ್ಟುತ್ತದೆ. ಇತ್ತ ತೊಡಿಕಾನದ ಮಲ್ಲಿಕಾರ್ಜುನನ ಮತ್ಸ್ಯತೀರ್ಥದಲ್ಲಿ ಮಹಶೀರ್ ಜಾತಿಯ ದೇವರ ಮೀನುಗಳು ನಿರ್ಭಯವಾಗಿ ಮನುಷ್ಯನ ಕಾಲಬುಡಕ್ಕೆ ಬರುತ್ತವೆ. ಅತ್ತ ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಮೀನುಗಳಿಗೂ ಅದೇ ಅಭಯವುಂಟು. ಯಾರ ಸ್ವತ್ತೂ ಅಲ್ಲದ ಇಷ್ಟು ನೀರು, ಇಷ್ಟು ಮೀನು ಕಣ್ಣೆದುರಿಗೇ ಇರುವಾಗ, ಈ ಗಾಜಿನ ಪೆಟ್ಟಿಗೆಯನ್ನು ತಂದಿಟ್ಟಿರುವೆಯಲ್ಲ ಮಾರಾಯ, ಇದು ಯಾವ ಕೊರತೆಯನ್ನು ತುಂಬುವುದಕ್ಕೆ?

ಕೃಷಿಕ: ತೋಡು ನನ್ನ ತಪ್ಪುಗಳನ್ನು ಕೊಚ್ಚಿಕೊಂಡು ಹೋಗುತ್ತದೆ ಮಾಷ್ಟ್ರೇ, ಅದೇ ಕೊರತೆ. ನಾನು ಅದಕ್ಕೆ ಏನನ್ನು ಚೆಲ್ಲಿದರೂ ಮರುಗಳಿಗೆಯಲ್ಲಿ ಅದು ಕೆಳಗಿನ ತೋಟದವನ ಪಾಲು. ನನ್ನ ಕಣ್ಣಿಗೆ ನೀರು ಎಂದಿನಂತೆಯೇ ನಿರ್ಮಲ. ಐನೂರು ಲೀಟರ್ ನೀರನ್ನು ನಾಲ್ಕು ಗೋಡೆಗಳೊಳಗೆ ನಿಲ್ಲಿಸಿ, ಅದರಲ್ಲಿ ಗಿಡ ನೆಟ್ಟು, ಮೀನು ಬಿಟ್ಟರೆ, ನಾನು ಮಾಡಿದ್ದೆಲ್ಲವೂ ಅಲ್ಲೇ ಉಳಿದು ನನಗೇ ಉತ್ತರ ಹೇಳುತ್ತದೆ. ಆ ಉತ್ತರವನ್ನು ಕೇಳಬೇಕೆಂಬುದೇ ನನ್ನ ಆಸೆ.

ಅಮ್ಮ: ಉತ್ತರ ಕೇಳುವುದು ಆಮೇಲಾಗಲಿ, ನೆಲ ಕುಸಿಯದಂತೆ ನೋಡು. ನೀರೇ ಐನೂರು ಕಿಲೋ. ಮಣ್ಣು, ಮರಳು, ಕಲ್ಲು, ಗಾಜು ಎಲ್ಲ ಸೇರಿದರೆ ಏಳು ಕ್ವಿಂಟಾಲಿಗೆ ಕಡಿಮೆಯಿಲ್ಲ. ಮರದ ಮೇಜಿನ ಮೇಲೆ ಇಡುತ್ತೇನೆಂದು ಹೊರಟಿದ್ದಾನೆ ಮಾಷ್ಟ್ರೇ, ನೀವಾದರೂ ಹೇಳಿ.

ಕೃಷಿಕ: ಆ ವಿಚಾರವನ್ನು ಬಿಟ್ಟಾಯಿತು ಅಮ್ಮ. ಮುರಕಲ್ಲಿನ ಎರಡು ಗೋಡೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ತೆಳ್ಳನೆಯ ಥರ್ಮೋಕೋಲ್ ಹರಡಿ ತೊಟ್ಟಿಯನ್ನು ಇಡುತ್ತೇನೆ. ಅಡಿಯಲ್ಲಿ ಒಂದು ಮರಳ ಹರಳು ಉಳಿದರೂ ಭಾರವೆಲ್ಲ ಆ ಬಿಂದುವಿಗೆ ಬಿದ್ದು ಗಾಜು ಸೀಳುತ್ತದಂತೆ. ಅಡಿಯ ಪದರಕ್ಕೆ ಗೊಬ್ಬರ ಬೆರೆಯದ ಗದ್ದೆಯ ಮಣ್ಣು ಒಂದಂಗುಲ, ಅದು ಕದಡದಂತೆ ಮೇಲೆ ತೊಳೆದ ಹೊಳೆಮರಳು ಒಂದೂವರೆ ಅಂಗುಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ ಕ್ರಮವಿದು: ಯಂತ್ರಗಳ ಕೆಲಸದ ಬಹುಭಾಗವನ್ನು ಮಣ್ಣಿಗೂ ಬೇರಿಗೂ ಒಪ್ಪಿಸಿಬಿಡುವುದು. ನೀರು ನಮ್ಮ ಸುರಂಗದ್ದೇ.

ಮಾಷ್ಟ್ರು: ಗುಡ್ಡೆಯ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ತಂದ ನೀರು ನಿಶ್ಚಯವಾಗಿಯೂ ಶುಚಿ, ಆದರೆ ಮುರಕಲ್ಲಿನ ನಡುವಿಂದ ಒಸರಿ ಬಂದ ಆ ನೀರು ಬಲು ಮೃದು, ಅದರಲ್ಲಿ ಸುಣ್ಣದಂಶ ಇಲ್ಲವೆಂಬಷ್ಟು ಅಲ್ಪ. ಮೀನಿನ ಮಲಿನವನ್ನು ಬ್ಯಾಕ್ಟೀರಿಯಗಳು ಮಾರ್ಪಡಿಸುವಾಗ ಆಮ್ಲವುಂಟಾಗುತ್ತದೆ. ಅದನ್ನು ತಾಳಿಕೊಳ್ಳುವ ಶಕ್ತಿ ನೀರಿಗೆ ಇಲ್ಲವಾದರೆ ಆ ಬ್ಯಾಕ್ಟೀರಿಯಗಳ ಕೆಲಸವೇ ನಿಂತುಹೋಗುತ್ತದೆ.

ಕೃಷಿಕ: ಅದಕ್ಕೆಂದೇ ಒಂದು ಮುಷ್ಟಿ ಮರುವಾಯಿ ಚಿಪ್ಪನ್ನು ಮರಳಿನಲ್ಲಿ ಹುಗಿದಿಡುತ್ತೇನೆ, ಬೇಕಾದಷ್ಟೇ ಕರಗುತ್ತದೆ. ಇನ್ನೂ ದೊಡ್ಡ ಭಯ ಬೇರೊಂದುಂಟು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಕೆಯನ್ನು ಉಳಿಸುವ ಆ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೇ ಬಸವನಹುಳುವಿಗೂ ಮೀನಿಗೂ ವಿಷ. ಔಷಧಿ ಕಲಸಿದ ಡ್ರಮ್ಮಾಗಲಿ, ಹೊಡೆದು ಬಂದ ಕೈಯಾಗಲಿ ತೊಟ್ಟಿಯ ಹತ್ತಿರ ಸುಳಿಯಬಾರದು. ಇಷ್ಟು ವರ್ಷ ಔಷಧಿ ಹೊಡೆದವನಿಗೆ, ಮಳೆಯೊಡನೆ ತೋಡಿಗೆ ಇಳಿಯುವ ತಾಮ್ರದ ಯೋಚನೆ ಬಂದದ್ದು ಈ ತೊಟ್ಟಿಯನ್ನು ತಂದ ಮೇಲೆ.

ಮಾಷ್ಟ್ರು: ಒಳ್ಳೆಯದು, ಬರಿಯ ತೊಟ್ಟಿಯೇ ಇಷ್ಟು ಕಲಿಸಿತು. ಆದರೂ ನನ್ನ ಸಂದೇಹ ಪರಿಹಾರವಾಗಲಿಲ್ಲ. ನಮ್ಮ ಸೀಮೆಯ ಮಳೆಗಾಲದಲ್ಲಿ ಮರವೊಂದು ತಂತಿಯ ಮೇಲೆ ಉರುಳಿದರೆ ಎರಡು ದಿವಸ ಕರೆಂಟು ಇಲ್ಲ. ದೀಪವಾರಿದಾಗ ಅಳಿದುಹೋಗುವ ಪ್ರಕೃತಿಯನ್ನು ಪ್ರಕೃತಿಯೆಂದು ಕರೆಯುವುದೆಂತು?

ಕೃಷಿಕ: ಈ ವಿದ್ಯೆಯ ಮೂಲಪುರುಷರಿಗೆ ವಿದ್ಯುತ್ತೇ ಇರಲಿಲ್ಲವಲ್ಲ. 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯ, ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಗುಳ್ಳೆಗಳೇಳುವುದನ್ನು ಕಂಡು, ಸಸ್ಯವು ಗಾಳಿಯನ್ನು ಶುದ್ಧಗೊಳಿಸುವುದು ಬೆಳಕಿನಲ್ಲಿ ಮಾತ್ರವೆಂದೂ ಕತ್ತಲಲ್ಲಿ ಅದೂ ನಮ್ಮಂತೆಯೇ ಗಾಳಿಯನ್ನು ಕೆಡಿಸುವುದೆಂದೂ ತೋರಿಸಿದನು. 1850ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್, ಎರಡು ಚಿನ್ನದ ಮೀನುಗಳನ್ನೂ, ನಮ್ಮ ಕೆರೆಗಳಲ್ಲಿಯೂ ಬೆಳೆಯುವ ವ್ಯಾಲಿಸ್ನೇರಿಯ ಗಿಡವನ್ನೂ ಗಾಜಿನ ಪಾತ್ರೆಯಲ್ಲಿಟ್ಟು, ಮೀನಿನ ಉಸಿರು ಗಿಡಕ್ಕೆ, ಗಿಡದ ಉಸಿರು ಮೀನಿಗೆ ಸಲ್ಲುವುದೆಂದು ಎಣಿಸಿದನು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು. ಬಳಿಕ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು.

ಮಾಷ್ಟ್ರು: ಕೊಡುವವನು, ಕೊಳ್ಳುವವನು, ಇವರಿಬ್ಬರೇ ಲೋಕವೆಂದು ತಿಳಿದಲ್ಲಿ ಕೊಳೆತದ್ದನ್ನು ಎತ್ತುವ ಮೂರನೆಯವನು ಲೆಕ್ಕದಿಂದ ಬಿಟ್ಟುಹೋಗುತ್ತಾನೆ, ಊರಿನ ವ್ಯವಹಾರದಲ್ಲಿಯೂ ನಾವು ಅವನನ್ನು ಹಾಗೆಯೇ ಮರೆತಿದ್ದೇವೆ. ಅದಿರಲಿ, ರಾತ್ರಿಯ ಮಾತು ಹೇಳು. ಕತ್ತಲಲ್ಲಿ ಗಿಡವೂ ಉಸಿರು ಸೆಳೆಯುವುದಾದರೆ ನಿನ್ನ ಮೀನುಗಳ ಗತಿಯೇನು?

ಕೃಷಿಕ: ಅಲ್ಲಿಯೇ ಸಂಖ್ಯೆಯ ಪ್ರಶ್ನೆ ಏಳುತ್ತದೆ. ನಮ್ಮ ಸೆಕೆಯ ನೀರಿನಲ್ಲಿ, ಲೀಟರಿಗೆ ಎಂಟು ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಗಾಳಿಯಿಂದ ಕರಗಿ ನಿಲ್ಲುವುದಿಲ್ಲ. ಐನೂರು ಲೀಟರಿಗೆ ಎಷ್ಟಾಯಿತು? ನಾಲ್ಕು ಗ್ರಾಂ. ಒಂದು ಒಣ ಅಡಕೆಯಷ್ಟೂ ತೂಗದ ಈ ನಿಧಿಯಲ್ಲಿ ಗಿಡ, ಮೀನು, ಹುಳು, ಮಣ್ಣೊಳಗಿನ ಕೋಟ್ಯಂತರ ಜೀವಾಣುಗಳು, ಎಲ್ಲವೂ ಇರುಳು ಕಳೆಯಬೇಕು. ಮೇಲ್ಮೈಯ ಗಾಳಿಯಿಂದ ಅದು ಮೆಲ್ಲಮೆಲ್ಲನೆ ಮರುಪೂರಣವಾಗುತ್ತಲೂ ಇರುತ್ತದೆಂಬುದು ನಿಜ. ಗಿಡ ಹೆಚ್ಚು, ಮೀನು ಕಡಿಮೆ ಎಂದಾದರೆ ಕರೆಂಟು ಹೋದ ರಾತ್ರಿಯೂ ಬೆಳಗಾಗುತ್ತದೆ. ಆದುದರಿಂದ ಇಷ್ಟು ದೊಡ್ಡ ತೊಟ್ಟಿಗೆ ಬೆರಳುದ್ದದ ಮೀನು ಇಪ್ಪತ್ತೇ ಸಾಕೆಂದು ನಿಶ್ಚಯಿಸಿದ್ದೇನೆ.

ಅಮ್ಮ: ಇಪ್ಪತ್ತು ಮೀನಿಗೆ ಇಷ್ಟು ದೊಡ್ಡ ಮನೆ! ದಿನಕ್ಕೆ ಮೂರು ಹೊತ್ತು ಅನ್ನ ಹಾಕಿದರೆ ಅವೂ ಮೈತುಂಬಿಕೊಂಡಾವು.

ಕೃಷಿಕ: ಅದೇ ಕೂಡದಮ್ಮ. ತೊಡಿಕಾನದಲ್ಲಿ ಭಕ್ತರು ಅಕ್ಕಿ, ಚುರುಮುರಿ ಚೆಲ್ಲಿದರೆ ಮೀನು ತಿಂದು ಮಿಕ್ಕುದನ್ನು ಹೊಳೆ ಒಯ್ಯುತ್ತದೆ. ಅಲ್ಲಿ ಮನುಷ್ಯನ ಔದಾರ್ಯದ ಭಾರವನ್ನು ಹೊರುವುದು ಹರಿವು. ಇಲ್ಲಿ ಹರಿವಿಲ್ಲ. ತಿಂದದ್ದೂ ಮಿಕ್ಕದ್ದೂ ಕೊನೆಗೆ ಅಮೋನಿಯವಾಗಿ ಕಿವಿರುಗಳನ್ನು ಸುಡುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟನ್ನಾಗಿಯೂ, ಆಮೇಲೆ ನೈಟ್ರೇಟನ್ನಾಗಿಯೂ ಪರಿವರ್ತಿಸಬೇಕು, ಗಿಡಗಳು ಹೀರಿಕೊಳ್ಳಬೇಕು. ಅವುಗಳ ಶಕ್ತಿಯನ್ನು ಮೀರಿದ ಒಂದೊಂದು ಅಗುಳೂ ಪ್ರೀತಿಯಿಂದಿಕ್ಕಿದ ವಿಷ. ಸಾಕುಮೀನುಗಳು ಹಸಿವಿನಿಂದ ಸಾಯುವುದಕ್ಕಿಂತ ಹೆಚ್ಚಾಗಿ ಒಡೆಯನ ಅಕ್ಕರೆಯಿಂದ ಸಾಯುತ್ತವೆ. ಗಣಿತವಿಲ್ಲದ ದಯೆ ಕ್ರೌರ್ಯಕ್ಕಿಂತ ಭಿನ್ನವಲ್ಲವೆಂಬುದನ್ನು ಹೊಳೆ ಮರೆಮಾಚುತ್ತದೆ, ಗಾಜು ತೋರಿಸಿಕೊಡುತ್ತದೆ.

ಮಾಷ್ಟ್ರು: ಮಾತು ಗಂಭೀರವಾಗಿದೆ, ಆದರೆ ಅರ್ಧಸತ್ಯ. ಗಣಿತವಿದ್ದೂ ದಯೆ ಕೆಟ್ಟುದಕ್ಕೆ ನಿದರ್ಶನವನ್ನು ನಿನ್ನ ಚಂದ್ರಗಿರಿಯೇ ಕೊಡುತ್ತದೆ. ಮೈಯುದ್ದಕ್ಕೂ ಕಪ್ಪುಗೆರೆ, ಅದರ ಮೇಲೆ ಕೆಂಪುಗೆರೆ ಇರುವ ಮೀನೊಂದು ಆ ಹೊಳೆಯಲ್ಲಿಯೂ ಕೇರಳದ ಇನ್ನು ಕೆಲವು ಹೊಳೆಗಳಲ್ಲಿಯೂ ಉಂಟು. 1865ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿ, ಮದರಾಸಿನ ಗವರ್ನರರಾಗಿದ್ದ ಡೆನಿಸನ್ನರ ಹೆಸರನ್ನು ಅದಕ್ಕೆ ಇಟ್ಟನು. ವ್ಯಾಪಾರಿಗಳು ಮಿಸ್ ಕೇರಳ ಎಂದರು. 1997ರಲ್ಲಿ ಸಿಂಗಾಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದುದೇ ತಡ, ಲೋಕದ ಗಾಜಿನ ತೊಟ್ಟಿಗಳೆಲ್ಲ ನಮ್ಮ ಘಟ್ಟದ ಹೊಳೆಗಳತ್ತ ಕೈಚಾಚಿದವು. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. 2008ರಲ್ಲಿ ಕೇರಳ ಸರ್ಕಾರವು ಕೆಲವು ತಿಂಗಳು ಅದನ್ನು ಹಿಡಿಯಕೂಡದೆಂದು ಕಟ್ಟಳೆ ಮಾಡಿತು. ಸದುದ್ದೇಶ, ಲೆಕ್ಕವೂ ಉಂಟು. ಆದರೆ ಆ ತಿಂಗಳುಗಳು ಮೀನು ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಹೊಂದಲಿಲ್ಲವೆಂದು ಸಂಶೋಧಕರು ಮುಂದೆ ತೋರಿಸಿಕೊಟ್ಟರು. ಮೀನನ್ನು ನೋಡದೆ ಹಾಕಿದ ಲೆಕ್ಕವು ಲೆಕ್ಕವಿಲ್ಲದ ಅಕ್ಕರೆಯ ಅಣ್ಣನೇ ಸರಿ.

ಕೃಷಿಕ: ಆ ಮೀನನ್ನೇ ತರಬೇಕೆಂದು ನನ್ನ ಮನಸ್ಸಿನಲ್ಲಿತ್ತು ಮಾಷ್ಟ್ರೇ, ನಮ್ಮ ಹೊಳೆಯ ಸಂಬಂಧಿಯಲ್ಲವೇ ಎಂಬ ಅಭಿಮಾನ.

ಮಾಷ್ಟ್ರು: ಅಭಿಮಾನವಿದ್ದವನು ಹೊಳೆಯಲ್ಲಿ ಬಿಟ್ಟಿರಲಿ. ನಿನಗೆ ಘಟ್ಟದ ಸಂಬಂಧವೇ ಬೇಕಾದರೆ ಗಿಡಗಳಲ್ಲಿ ಹುಡುಕು.

ಕೃಷಿಕ: ಹುಡುಕಿದ್ದೇನೆ. ಪಶ್ಚಿಮ ಘಟ್ಟದ ಹೊಳೆಗಳ ಕ್ರಿಪ್ಟೊಕೊರೈನ್, ಲಗೆನಾಂಡ್ರ, ಕೆಂಪೆಲೆಯ ರೊಟಾಲ, ಇವನ್ನೆಲ್ಲ ಇಂದು ಸಸ್ಯಾಗಾರಗಳಲ್ಲಿಯೇ ಬೆಳೆಸಿ ಮಾರುತ್ತಾರೆ. ಹೊಳೆಯಿಂದ ಒಂದು ಬೇರನ್ನೂ ಕೀಳಬೇಕಾಗಿಲ್ಲ. ಕ್ರಿಪ್ಟೊಕೊರೈನನ್ನು ಹೊಸ ನೀರಿನಲ್ಲಿ ನೆಟ್ಟರೆ ಎಲೆಗಳೆಲ್ಲ ಕರಗಿ, ಗಿಡ ಸತ್ತಿತೆಂಬ ಭ್ರಮೆ ಹುಟ್ಟಿಸಿ, ಕೆಲವು ವಾರಗಳಲ್ಲಿ ಬೇರಿನಿಂದ ಮತ್ತೆ ಚಿಗುರುವುದುಂಟು; ತಾಳ್ಮೆಯಿಲ್ಲದವರು ಆ ನಡುವೆಯೇ ಕಿತ್ತೆಸೆಯುತ್ತಾರೆ. ಮೀನನ್ನಾದರೋ, ಸಾಕಣೆಯಲ್ಲೇ ಹುಟ್ಟಿದುದನ್ನೇ ತರುವೆನು. ಎಂದಿಗೂ ತೋಡಿಗೆ ಬಿಡೆನು. ಬೇಸರ ಬಂದವರು ಕನಿಕರದಿಂದ ಬಿಟ್ಟ ಸಕ್ಕರ್ ಮೀನು ಕೇರಳ, ತಮಿಳುನಾಡುಗಳ ಕೆರೆ ಕಾಲುವೆಗಳಲ್ಲಿ ಹೇಗೆ ಬೇರೂರಿತೆಂಬುದನ್ನು ಬಲ್ಲೆ.

ಮಾಷ್ಟ್ರು: ಇನ್ನುಳಿದದ್ದು ಕಠಿನತಮ ಪ್ರಶ್ನೆ. ಇಷ್ಟು ಎಚ್ಚರವೆಲ್ಲ ಇದ್ದರೂ, ನಿನ್ನ ಪಾಠಕ್ಕಾಗಿ ಇಪ್ಪತ್ತು ಜೀವಗಳನ್ನು ಆಜನ್ಮ ಸೆರೆಯಲ್ಲಿಡುವೆಯಷ್ಟೆ? ಜೀವವೊಂದು ಇನ್ನೊಬ್ಬರ ತಿಳಿವಿಗೆ ಸಾಧನವಾಗಬಹುದೆ?

ಕೃಷಿಕ: ಹಟ್ಟಿಯ ದನವೂ ಸಾಧನವೇ ಮಾಷ್ಟ್ರೇ.

ಮಾಷ್ಟ್ರು: ದನ ಹಸಿದರೆ ಅಂಬಾ ಎನ್ನುತ್ತದೆ, ನಿನ್ನ ಕಿವಿಯನ್ನು ಎಳೆಯುವ ಅಧಿಕಾರ ಅದಕ್ಕುಂಟು. ಮೀನಿಗೆ ದನಿಯಿಲ್ಲ.

ಕೃಷಿಕ: ದನಿಯಿಲ್ಲವೆಂದೇ ಅದರ ಪರವಾಗಿ ನೀರು ಮಾತಾಡಬೇಕು, ನಾನು ಆ ಮಾತನ್ನು ಕಲಿಯಬೇಕು. ಮುಂಜಾವಿನಲ್ಲಿ ಮೀನು ಮೇಲ್ಮೈಗೆ ಬಂದು ಬಾಯಿ ಬಡಿದರೆ ಆಮ್ಲಜನಕ ಕುಂದಿದೆ. ಪರೀಕ್ಷೆಯ ದ್ರಾವಣ ಬಣ್ಣ ತಿರುಗಿಸಿದರೆ ಅಮೋನಿಯವಿದೆ. ಸೆರೆಯಲ್ಲವೆಂದು ನಾನು ವಾದಿಸಲಾರೆ. ಸಾಕಣೆಯಲ್ಲಿ ಹುಟ್ಟಿದ ಮೀನಿಗೆ ಹೊಳೆಯ ಬಾಗಿಲು ಮೊದಲೇ ಮುಚ್ಚಿದೆ. ಇನ್ನುಳಿದದ್ದು ಅಂಗಡಿಯ ಕಿಷ್ಕಿಂಧೆಯೋ ಈ ವಿಶಾಲವೋ ಎಂಬ ಆಯ್ಕೆಯೊಂದೇ.

ಮಾಷ್ಟ್ರು: ಕೊಳ್ಳುವವನಿರುವ ತನಕ ಅಂಗಡಿಯವನು ಮತ್ತೆ ತರುತ್ತಾನೆಂಬುದನ್ನೂ ಆ ತಕ್ಕಡಿಯಲ್ಲಿಡು. ನಿನ್ನ ಸಮಾಧಾನ ನನಗೆ ಪೂರ್ತಿ ಒಪ್ಪಿಗೆಯಲ್ಲ. ಆದರೆ ಸೆರೆಯನ್ನು ಸೆರೆಯೆಂದೇ ಕರೆದೆಯಾದ್ದರಿಂದ ಒಂದು ನಿಬಂಧನೆಯ ಮೇಲೆ ನನ್ನ ವಾದವನ್ನು ನಿಲ್ಲಿಸುತ್ತೇನೆ. ಮಣ್ಣು ಹಾಕು, ಗಿಡ ನೆಡು, ನೀರು ತುಂಬು. ಆರು ವಾರ ಮೀನು ಬೇಡ.

ಕೃಷಿಕ: ಬ್ಯಾಕ್ಟೀರಿಯಗಳು ನೆಲೆಗೊಳ್ಳುವುದಕ್ಕೆ ಹೇಗೂ ಅಷ್ಟು ಕಾಲ ಬೇಕು.

ಮಾಷ್ಟ್ರು: ಬ್ಯಾಕ್ಟೀರಿಯಗಳಿಗಾಗಿ ಹೇಳಲಿಲ್ಲ, ನಿನಗಾಗಿ ಹೇಳಿದೆ. ಗಿಡಗಳಷ್ಟೇ ಇರುವ ತೊಟ್ಟಿ ನಿನಗೆ ಬರಿದೆಂದು ತೋರಿದರೆ, ನೀನು ಬಯಸಿದ್ದು ಪಾಠವನ್ನಲ್ಲ, ಆಟಿಕೆಯನ್ನು.

ಕೃಷಿಕ: ತುಂಬಿದೆಯೆಂದು ತೋರಿದರೆ ಮೀನನ್ನು ತರುವುದಾದರೂ ಏಕೆ?

ಅಮ್ಮ: ಏಕೆಂದರೆ, ಆರು ವಾರ ಚಾವಡಿಯಲ್ಲಿ ನಿಂತ ನೀರಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಪುತ್ತೂರಿನ ಆಸ್ಪತ್ರೆಯಲ್ಲಿ ಡೆಂಗೆ ಜ್ವರದವರ ಸಾಲನ್ನು ನೋಡಿ ಬಂದವಳು ನಾನು. ಅಲ್ಲಿಯವರೆಗೆ ಬಲೆ ಮುಚ್ಚಿಡು. ಬಲೆ ತೆಗೆಯುವ ದಿನ ಮರಿಹುಳು ತಿನ್ನುವುದಕ್ಕೆ ನಾಲ್ಕು ಮೀನಾದರೂ ಬೇಕು.

ಮಾಷ್ಟ್ರು: ನಾವಿಬ್ಬರೂ ಸುತ್ತಿ ಬಳಸಿ ಹುಡುಕಿದ ನ್ಯಾಯವನ್ನು ನಿನ್ನ ಅಮ್ಮ ಒಂದೇ ಮಾತಿನಲ್ಲಿ ಹೇಳಿದರು. ವಾರಿಂಗ್ಟನ್ನನ ಪಾತ್ರೆಗೆ ಬಸವನಹುಳು ಬಂದದ್ದು ಅವನ ಆಸೆಯಿಂದಲ್ಲ, ನೀರಿನ ಅಗತ್ಯದಿಂದ. ನಿನಗೆ ಬೇಕೆನಿಸಿದಾಗ ತರಬೇಡ. ತೊಟ್ಟಿಗೆ ಬೇಕಾದಾಗ ತಾ. ನಾಲ್ಕರಿಂದ ಮೊದಲುಮಾಡು, ಇಪ್ಪತ್ತೆಂಬುದು ನೀನು ಕಾಗದದ ಮೇಲೆ ಹಾಕಿದ ಲೆಕ್ಕ, ಐದನೆಯದಕ್ಕೆ ಸ್ಥಳವುಂಟೋ ಇಲ್ಲವೋ ಎಂಬುದನ್ನು ಆ ನಾಲ್ಕು ಹೇಳಲಿ.

ಕೃಷಿಕ: ನಾಲ್ಕೇ ಸಾಕೆಂದು ಅವು ಹೇಳಿದರೆ?

ಅಮ್ಮ: ಹೇಳಿದರೆ ನಾಲ್ಕೇ. ಏಳಿ ಮಾಷ್ಟ್ರೇ, ಊಟಕ್ಕೆ ಹೊತ್ತಾಯಿತು.