ಎರವಲು ರಕ್ತ

ಬ್ಲಡ್ ಬ್ಯಾಂಕಿನಲ್ಲಿ ದಿನವಿಡೀ ಚೀಲ ತುಂಬಿಸುವವಳಿಗೆ ರಕ್ತ ಕುಡಿಯುವವರ ಕಥೆ ಬೇರೆ ಬೇಕೇ ಎಂದು ಸೊಲ್ಲಾಪುರದ ಗೆಳತಿಯರು ನಗುತ್ತಾರೆ. ಅದೂ ಹೆಂಗಸು ಹೆಂಗಸನ್ನೇ ಪ್ರೀತಿಸುವ ಕಥೆ! ನಾನಾದರೋ ಸಿಕ್ಕವರಿಗೆಲ್ಲ ಓದಿ ಎನ್ನುತ್ತಿದ್ದೇನೆ. ಅಮೆರಿಕದ ಕಪ್ಪು ಲೇಖಕಿ ಜ್ಯುವೆಲ್ ಗೋಮೆಜ್ ಅವರ ‘ದಿ ಗಿಲ್ಡಾ ಸ್ಟೋರೀಸ್’, 1991ರದ್ದು.

1850ರಲ್ಲಿ ಮಿಸಿಸಿಪ್ಪಿಯ ತೋಟದಿಂದ ಓಡಿಬಂದ ಗುಲಾಮ ಹುಡುಗಿಯೊಬ್ಬಳು ಲೂಸಿಯಾನಾದಲ್ಲಿ ಗಿಲ್ಡಾ ಎಂಬಾಕೆಯ ಕೈಸೇರುತ್ತಾಳೆ. ಗಿಲ್ಡಾ ರಕ್ತಪಿಶಾಚಿ, ಅವಳ ಸಂಗಾತಿ ಬರ್ಡ್, ಲಕೋಟಾ ಬುಡಕಟ್ಟಿನವಳು. ಇವರು ಕೊಲ್ಲುವುದಿಲ್ಲ. ರಕ್ತ ಪಡೆಯುವಾಗ ಆ ವ್ಯಕ್ತಿಯ ಮನಸ್ಸಿನೊಳಗೆ ಇಳಿದು, ಅಲ್ಲಿ ಏನು ಕೊರತೆಯಿದೆ ನೋಡಿ, ಅದನ್ನು ಇಟ್ಟು ಬರುತ್ತಾರೆ: ಒಂದಿಷ್ಟು ಧೈರ್ಯ, ಮರೆತ ಒಂದು ಕನಸು. ಗಾಯವನ್ನೂ ಮುಚ್ಚಿಯೇ ಹೋಗುತ್ತಾರೆ. ಹುಟ್ಟಿದ ನೆಲದ ಮಣ್ಣನ್ನು ಬಟ್ಟೆಯ ಅಂಚಿನಲ್ಲಿ ಹೊಲಿದುಕೊಂಡು ತಿರುಗುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ನನ್ನಂಥ ಅಕ್ಕಲಕೋಟದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೂ ಹಳೆಯದು ಐರಿಷ್ ಲೇಖಕ ಶೆರಿಡನ್ ಲೆ ಫಾನುವಿನ ‘ಕಾರ್ಮಿಲಾ’. 1872ರ ಸಂಕಲನದಲ್ಲಿದೆ, ಡ್ರಾಕುಲಾ ಬರುವುದಕ್ಕೆ 25 ವರ್ಷ ಮೊದಲು. ಅಲ್ಲಿ ಲಾರಾಳನ್ನು ಪ್ರೀತಿಸುತ್ತಲೇ ಹೀರುವ ಕಾರ್ಮಿಲಾಳ ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಟ್ಟು, ಬೂದಿಯನ್ನು ಹೊಳೆಗೆ ಬಿಡುತ್ತಾರೆ. ಪ್ರಾಣ ಉಳಿಯಿತು, ಸರಿ. ಲಾರಾಳ ನೋವು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಎಲ್ಲೆ ಮೀರಿ ಪ್ರೀತಿಸಿದವಳನ್ನು ಬೆಂಕಿಗೆ ಕೊಡುವ ಕಥೆ ನಮ್ಮ ಸೊಲ್ಲಾಪುರದಲ್ಲೂ ಇದೆ. ಶರಣ ಸಿದ್ಧರಾಮನನ್ನೇ ವರಿಸುತ್ತೇನೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಅವನು ತನ್ನ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟನಂತೆ. ಆ ಮದುವೆಯ ನೆನಪಿಗೆ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಬರುತ್ತವೆ. ಸಿದ್ಧೇಶ್ವರ ಗುಡಿಯ ಹತ್ತಿರದ ಸಮ್ಮತಿ ಕಟ್ಟೆಯಲ್ಲಿ ಸಮ್ಮತಿ ಓದಿಯೇ ಅಕ್ಷತೆ. ಆಮೇಲೆ ಹೋಮ್ ಮೈದಾನದಲ್ಲಿ ಆ ಕನ್ಯೆಯನ್ನು ಸಾಂಕೇತಿಕವಾಗಿ ಅಗ್ನಿಗೆ ಒಪ್ಪಿಸುವ ವಿಧಿ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ಭಕ್ತಿ ಇದೆ, ಈಗಲೂ ಹೋಗುತ್ತೇನೆ. ಹೋಮದ ಹೊತ್ತಿಗೆ ಮಾತ್ರ ಮನಸ್ಸು ಆ ಹುಡುಗಿಯ ಕಡೆ ನಿಲ್ಲುತ್ತದೆ.

ಪರರ ರಕ್ತದಿಂದ ಬದುಕುವುದು ಪಾಪವೇ? ಥಲಸ್ಸೀಮಿಯಾದ ಮಕ್ಕಳು ಮೂರು ನಾಲ್ಕು ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಾರೆ. ಯಾರದೋ ರಕ್ತ ಒಳಗೆ ಇಳಿದಮೇಲೆ ಬಿಳಿಚಿದ ತುಟಿಗೆ ಬಣ್ಣ ಬರುತ್ತದೆ. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು, ಮುಟ್ಟಿನ ರಕ್ತದ ಸೂತಕವೂ ಅದರಲ್ಲಿ ಸೇರಿತ್ತು. ರಕ್ತ ಮೈಲಿಗೆಯಲ್ಲ ಎಂದಮೇಲೆ ಅದನ್ನು ಬೇಡುವ ಹಸಿವು ಹೇಗೆ ಮೈಲಿಗೆಯಾದೀತು? ಪಡೆದು ಏನನ್ನೂ ಕೊಡದೆ ಎದ್ದುಹೋಗುವುದೇ ದೋಷ. ಗಿಲ್ಡಾಳ ನೇಮ ನನಗೆ ದಾಸೋಹದಂತೆಯೇ ಕಾಣುತ್ತದೆ.

ಒಂದು ತಕರಾರಿದೆ. ಗಿಲ್ಡಾ ಎಷ್ಟೇ ಒಳ್ಳೆಯವಳಾಗಲಿ, ನಿದ್ದೆಯಲ್ಲಿದ್ದವರ ರಕ್ತ ಪಡೆಯುವಾಗ ಅವರನ್ನು ಕೇಳುವುದಿಲ್ಲ. ನಾವು ಸಹಿ ಇಲ್ಲದೆ ಸೂಜಿ ಚುಚ್ಚುವುದಿಲ್ಲ. ಪುರಾಣದ ಮದುವೆಗೂ ಸಮ್ಮತಿ ಓದುವ ಸೀಮೆಯವಳು ನಾನು. ತಿಳಿಯದಂತೆ ಕೊಟ್ಟ ಕನಸು ಎಷ್ಟು ಸಿಹಿಯಾದರೂ ರಕ್ತದ ಬೆಲೆಗೆ ಸಮವೆಂದು ಒಪ್ಪಲಾರೆ. ಹಾಗಂತ ನಮ್ಮ ಫಾರಂ ತುಂಬ ಶುದ್ಧವೆಂದೂ ಅಲ್ಲ. 2017ರ ಮಾರ್ಗಸೂಚಿಯ ಪ್ರಕಾರ ತೃತೀಯಲಿಂಗಿಗಳು, ಗಂಡಸರೊಡನೆ ಸಂಬಂಧವಿರುವ ಗಂಡಸರು ರಕ್ತ ಕೊಡುವಂತಿಲ್ಲ. ಚೀಲವನ್ನೆಲ್ಲ ಪರೀಕ್ಷಿಸುತ್ತೇವೆ, ಆದರೂ ಮನುಷ್ಯನನ್ನು ಮೊದಲೇ ಬದಿಗಿಡುತ್ತೇವೆ. ಸೂತಕ ಹೋಯಿತೆಂದು ನಂಬಿದ್ದ ನನಗೆ ಆ ಕಾಲಂ ಓದಿಹೇಳುವಾಗ ನಾಲಗೆ ತಡವರಿಸುತ್ತದೆ.

ಕಾದಂಬರಿ ನಡುವೆ ಎಳೆದಾಡುತ್ತದೆ. ಒಂದೆರಡು ಅಧ್ಯಾಯ ಹಾರಿಸಿದರೂ ನಷ್ಟವಿಲ್ಲ. ಬರ್ಡ್ ದೂರ ಹೋಗಿ, ಎಷ್ಟೋ ವರ್ಷಕ್ಕೆ ಮರಳುವ ಭಾಗ ಬಿಡಬೇಡಿ. ಪ್ರೀತಿಯಿಂದ ಗಾಯ ಮಾಯುವುದನ್ನು ಇಷ್ಟು ನಿಧಾನವಾಗಿ ಬರೆದವರು ಕಡಿಮೆ. 2050ರಲ್ಲಿ ನಡೆಯುವ ಕೊನೆಯಲ್ಲಿ ಬೇಟೆ ತಿರುಗಿಬೀಳುತ್ತದೆ: ದುಡ್ಡಿದ್ದವರು ಹೆಚ್ಚು ಬದುಕುವ ಆಸೆಗೆ ಗಿಲ್ಡಾಳಂಥವರ ರಕ್ತಕ್ಕಾಗಿ ಬೆನ್ನಟ್ಟುತ್ತಾರೆ. ನಮ್ಮ ದೇಶದಲ್ಲಿ 1998ರ ಜನವರಿಯಿಂದ ದುಡ್ಡಿಗೆ ರಕ್ತ ಕೊಡುವುದು ನಿಷಿದ್ಧ. ಆದರೂ ಕೌಂಟರಿಗೆ ಬಂದ ಕೆಲವರು ದನಿ ತಗ್ಗಿಸಿ, ಯಾರಾದರೂ ಕೊಡುವವರನ್ನು ಹುಡುಕಿಕೊಡಿ ಬಾಯಿ, ಎಷ್ಟಾದರೂ ಆಗಲಿ ಎನ್ನುತ್ತಾರೆ. ನಿಮ್ಮ ಗುಂಪು ಯಾವುದು, ನೀವೇ ಯಾಕೆ ಕೊಡಬಾರದು ಎಂದು ಕೇಳಿದರೆ, ಮೊದಲು ಮೊಬೈಲ್ ನೋಡಿಕೊಳ್ಳುತ್ತಾರೆ.