ಕಾಯಕವು ಗಡಿ ದಾಟಿದಲ್ಲಿ

ಕಾಯಕವು ಶುದ್ಧವಾಗಿರಬೇಕು, ಅದರ ಫಲವು ದಾಸೋಹಕ್ಕೆ ಸಲ್ಲಬೇಕು ಎಂಬುದು ಶರಣಧರ್ಮದ ತಳಹದಿ. ಒಬ್ಬ ಸದ್ಭಕ್ತನನ್ನು ಕುರಿತ ಈ ವಿಧಿಯು ಸಹಸ್ರಾರು ಜನರ ದುಡಿಮೆಯಿಂದ ನಡೆಯುವ ಉದ್ಯಮಕ್ಕೂ ಅನ್ವಯಿಸುವುದೇ? ಅನ್ವಯಿಸುವುದಾದರೆ, ಉದ್ಯಮವು ಪರದೇಶಕ್ಕೆ ಹೋದಾಗ ಅದರ ಧರ್ಮವೂ ಸಂಗಡ ಹೋಗಬೇಡವೇ? ಭಾರತೀಯರು ಹೊರನಾಡುಗಳಲ್ಲಿ ಗಣಿ, ಕಾರ್ಖಾನೆಗಳನ್ನು ನಡೆಸುತ್ತಿರುವ ಈ ಕಾಲದಲ್ಲಿ ಇದು ವಿಚಾರಣೀಯವಾದ ಪ್ರಶ್ನೆ.

ನಮ್ಮ 2013ರ ಕಂಪನಿ ಕಾಯಿದೆಯು, ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2 ಭಾಗವನ್ನು ಸಮಾಜಹಿತಕ್ಕೆ ವಿನಿಯೋಗಿಸತಕ್ಕದ್ದೆಂದು ವಿಧಿಸಿದೆ. ಆದರೆ ಹೊರದೇಶದಲ್ಲಿ ಮಾಡಿದ ಕಾರ್ಯವು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರದು. ಅಲ್ಲಿ ಉದ್ಯಮವನ್ನು ಬಂಧಿಸುವುದು ಆ ನಾಡಿನ ಕಾನೂನು ಮತ್ತು ಉದ್ಯಮವು ತಾನೇ ಕೊಟ್ಟ ಮಾತು.

ಕೊಟ್ಟ ಮಾತಿನ ತೂಕವೆಷ್ಟೆಂಬುದಕ್ಕೆ ಜಾಂಬಿಯಾ ದೇಶದ ಪ್ರಕರಣವೊಂದು ನಿದರ್ಶನ. ಭಾರತಮೂಲದ, ಲಂಡನ್ನಿನಲ್ಲಿ ಕೇಂದ್ರವಿದ್ದ ವೇದಾಂತ ಸಂಸ್ಥೆಯು 2004ರಲ್ಲಿ ಅಲ್ಲಿಯ ಕೊಂಕೋಲಾ ತಾಮ್ರದ ಗಣಿಗಳ ಒಡೆತನದಲ್ಲಿ ಬಹುಪಾಲನ್ನು ಪಡೆಯಿತು. ಗಣಿ ಕಂಪನಿಯು ಶಾಲೆ, ಆಸ್ಪತ್ರೆಗಳನ್ನೂ ನಡೆಸಿತು. ಆದರೆ ಗಣಿಯ ವಿಷದ ನೀರಿನಿಂದ ತಮ್ಮ ಹೊಳೆಯೂ ಹೊಲವೂ ಕೆಟ್ಟವೆಂದು ಚಿಂಗೋಲಾ ಪ್ರಾಂತದ ಗ್ರಾಮಸ್ಥರು ಇಂಗ್ಲೆಂಡಿನ ನ್ಯಾಯಾಲಯದ ಮೊರೆಹೊಕ್ಕರು. 2019ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವ್ಯಾಜ್ಯದ ವಿಚಾರಣೆ ಇಂಗ್ಲೆಂಡಿನಲ್ಲಿಯೇ ನಡೆಯಬಹುದೆಂದಿತು. ತನ್ನ ಸಮೂಹದ ಗಣಿಗಳ ಪರಿಸರರಕ್ಷಣೆಯ ಹೊಣೆ ತನ್ನದೆಂದು ಮಾತೃಸಂಸ್ಥೆಯು ತಾನೇ ಪ್ರಕಟಿಸಿದ್ದ ಹೇಳಿಕೆಗಳನ್ನು ಅದು ಮುಖ್ಯವಾಗಿ ಗಣಿಸಿತು. 2021ರಲ್ಲಿ, ತಪ್ಪೊಪ್ಪಿಗೆಯಿಲ್ಲದೆ, ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು.

ನುಡಿಗೆ ನಡೆಯು ಸಾಕ್ಷಿಯಾಗಬೇಕೆಂದು ಶರಣರು ಹೇಳಿದ್ದು ಇದನ್ನೇ. ಕೀರ್ತಿಗಾಗಿ ಆಡಿದ ನುಡಿಯೂ ಆಡಿದವನನ್ನು ಬಿಡದು.

ಇಲ್ಲಿ ಒಂದು ಆಕ್ಷೇಪವುಂಟು: ಪಾಶ್ಚಾತ್ಯರು ಹಿಂದೆ ಮಾಡಿದ್ದನ್ನೇ ಈಗ ತಲೆಯೆತ್ತುತ್ತಿರುವ ದೇಶಗಳವರು ಮಾಡಿದರೆ ತಪ್ಪೇನು? ಉತ್ತರವು ಸುಲಭ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಬಿಸಿಯನ್ನು ಉಂಡ ನಾಡಿನವರಿಗೆ ಪರರ ನೋವು ಮೊದಲು ತಿಳಿಯಬೇಕು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿ ಬರಹೇಳಿದಳು. ದಾಸೋಹಕ್ಕೆ ಹೆಚ್ಚು ಒದಗಿತೆಂದು ಆಕೆ ಹಿಗ್ಗಲಿಲ್ಲ. ಬಂದ ಬಗೆಯನ್ನು ಕೇಳಿದಳು. ಹೊಳೆಯನ್ನು ಕೆಡಿಸಿ ಆಸ್ಪತ್ರೆಯನ್ನು ಕಟ್ಟಿದರೆ ಅದು ದಾಸೋಹವಾಗದು. ಹೆಚ್ಚೆಂದರೆ ಸಾಲದ ಒಂದು ಕಂತು. ಕಂಪನಿಗಳ ಪಾಲುಪತ್ರಗಳನ್ನು ಕೊಂಡಿರುವ, ಮಕ್ಕಳನ್ನು ಅಂಥಲ್ಲಿ ಉದ್ಯೋಗಕ್ಕೆ ಕಳುಹಿಸಿರುವ ಗೃಹಸ್ಥರು ಈಗ ಅನೇಕರಿದ್ದಾರೆ. ಮನೆಗೆ ಬಂದ ಲಾಭವನ್ನು ಲಿಂಗಕ್ಕೆ ಅರ್ಪಿಸುವ ಮುನ್ನ ಲಕ್ಕಮ್ಮನ ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವರಿಗೂ ವಿಹಿತವಾದ ಕರ್ತವ್ಯ.